ಹಳ್ಳದ ದಂಡೆಯ ಹತ್ತು ನಿಮಿಷ

ತಂದೆಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮಗಳು ಬೆಂಕಿಕಡ್ಡಿಯಿಂದ ಉಗುರಿನೊಳಗಿನ ಕೆಸರು ತೆಗೆಯುತ್ತಿದ್ದಳು. ಮೂರು ಬೆರಳು ಮುಗಿದಿದ್ದವು.

"ಸಾಕು ಬಿಡೇ," ಎಂದಳು ತಾಯಿ, ಗೋಡೆಗೆ ಒರಗಿಕೊಂಡೇ. "ಇಪ್ಪತ್ತಾರು ವರ್ಷ ಬಣ್ಣ ಇತ್ತು, ಆಮೇಲೆ ಕೆಸರು. ಆ ಉಗುರು ಬೆಳ್ಳಗಿದ್ದಿದ್ದು ನಮ್ಮ ಮದುವೆ ದಿನ ಮಾತ್ರ."

ಮಗಳಿಗೆ ನಗು ಬಂತು. ಹಿಂದಿನ ಸಂಜೆ ಹಳ್ಳದ ದಂಡೆಯಲ್ಲಿ ಕೂತಲ್ಲೇ ತಂದೆಯ ಉಸಿರು ನಿಂತಿತ್ತು. ಕತ್ತು ಒಂದು ಕಡೆ ವಾಲಿತ್ತಂತೆ. ಎಂದಿನಂತೆ ಏನೋ ಕೇಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡು ಇಬ್ಬರು ಪಕ್ಕದಲ್ಲೇ ದಾಟಿ ಹೋಗಿದ್ದರು.

ಹನ್ನೊಂದಕ್ಕೆ ಹೊರಡಬೇಕು. ಹೊರಲು ನಾಲ್ವರು ಬೇಕು. ಹತ್ತೂವರೆಯಾದರೂ ಇದ್ದದ್ದು ಅಳಿಯ, ಪಕ್ಕದ ಮನೆಯ ದರ್ಜಿ, ಹಳ್ಳ ಉಳಿಸುವ ಗುಂಪು ಕಟ್ಟಿದ್ದ ಟೀಚರ್, ಮೂರೇ ಜನ. ತಾನೂ ಹೊರುತ್ತೇನೆಂದು ಟೀಚರ್ ಚಪ್ಪಲಿ ಬಿಟ್ಟು ನಿಂತಿದ್ದರು. ಬೀದಿಯ ತುಂಬ ಇದ್ದದ್ದು ಅವನ ಹಳೇ ಕಾರ್ಖಾನೆಯವರ ಮನೆಗಳೇ. ಒಂದು ಬಾಗಿಲೂ ತೆರೆದಿರಲಿಲ್ಲ.

"ಯಾರು ಬರ್ತಾರೆ?" ಎಂದಳು ತಾಯಿ. "ಅವರ ಒಲೆ ಆರಿಸಿದ್ದು ಈ ಮಹಾರಾಯನೇ ಅಲ್ವಾ."

*

ಬಣ್ಣದ ಕಾರ್ಖಾನೆಯಲ್ಲಿ ಅವನ ಕೆಲಸ ಕೊಳೆನೀರಿನ ವಾಲ್ವಿನ ಚಕ್ರ ತಿರುಗಿಸುವುದು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಚಕ್ರಣ್ಣ. ನೀರು ಮೊದಲು ತೊಟ್ಟಿಯಲ್ಲಿ ಶುದ್ಧವಾಗಿ ಆಮೇಲೆ ಹಳ್ಳ ಸೇರಬೇಕು. ಒಮ್ಮೆ ತೊಟ್ಟಿ ಕೆಟ್ಟಾಗ ಮೇಲ್ವಿಚಾರಕ, "ಒಂದು ವಾರ ನೇರ ಬಿಡು," ಎಂದ. ಅವನು ಬಿಟ್ಟ.

ಮೂರನೆಯ ಬೆಳಿಗ್ಗೆ ದಂಡೆಯುದ್ದಕ್ಕೂ ಕಪ್ಪೆಗಳು ಬಿಳಿಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿದ್ದವು. ಜನ ಏಳುವ ಮೊದಲೇ ಎತ್ತಬೇಕಿತ್ತು. ಅವನು ಸಲಿಕೆಯಿಂದ ತುಂಬಿದ, ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಜೊತೆಗಾರ ಚೀಲದ ಬಾಯಿ ಹಿಡಿದ. ಏಳು ಚೀಲ. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು.

ತೊಟ್ಟಿ ರಿಪೇರಿಯಾಗಲೇ ಇಲ್ಲ. ಚಕ್ರ ವರ್ಷಗಟ್ಟಲೆ ತಿರುಗಿತು. ಮನೆಯಲ್ಲಿ ಮಾತ್ರ ಅಂದಿನಿಂದ ರೇಡಿಯೊ ಆರಲಿಲ್ಲ. ಮಲಗಿದಾಗಲೂ ತಲೆದೆಸೆಯಲ್ಲಿ ಸಣ್ಣಗೆ ಗುನುಗುತ್ತಿತ್ತು. ಹೆಂಡತಿ ಬೈದರೆ, "ಅದು ಸುಮ್ಮನಾದ್ರೆ ಹಳ್ಳ ಸುಮ್ಮನಿರೋದು ಗೊತ್ತಾಗುತ್ತೆ ಕಣೇ," ಎನ್ನುತ್ತಿದ್ದ.

ನಿವೃತ್ತನಾದ ವರ್ಷ ಗ್ರಂಥಾಲಯದ ಗೋಡೆಯ ಮೇಲೆ ಒಂದು ಚೀಟಿ ಕಂಡಿತು. ಹಳ್ಳದ ದಂಡೆಯಲ್ಲಿ ದಿನಾ ಸಂಜೆ ಹತ್ತು ನಿಮಿಷ ಕೂತು, ಎಷ್ಟು ಕಪ್ಪೆ ಕೂಗಿದವೆಂದು ಬರೆದಿಡಲು ಸ್ವಯಂಸೇವಕರು ಬೇಕಿತ್ತು. ಮೂರು ದಿನ ಅದರ ಮುಂದೆ ನಿಂತು ಮನೆಗೆ ಮರಳಿದ. ನಾಲ್ಕನೆಯ ದಿನ ಚೀಟಿ ಅಂಟಿಸಿದ್ದ ಟೀಚರನ್ನು ಹುಡುಕಿಕೊಂಡು ಶಾಲೆಗೆ ಹೋದ.

"ಮೊದಲು ಏನು ಕೆಲಸ ಮಾಡ್ತಿದ್ರಿ?"

"ಕಪ್ಪೆ ಕೊಲ್ತಿದ್ದೆ, ಮೇಡಂ."

ಟೀಚರ್ ನಕ್ಕರು. ಅವನು ನಗಲಿಲ್ಲ. ಅವರು ಎದ್ದು ಬಾಗಿಲು ಮುಚ್ಚಿ, ಕುರ್ಚಿ ಎಳೆದು ಕೊಟ್ಟರು. ಅಂದು ಹೇಳಿದ್ದನ್ನೇ ಮರುವರ್ಷ ವಿಚಾರಣೆಗೆ ಬಂದವರ ಮುಂದೆಯೂ ಹೇಳಿ ಸಹಿ ಹಾಕಿದ. ಕಾರ್ಖಾನೆಗೆ ಬೀಗ ಬಿತ್ತು. ಎಂಬತ್ತು ಮನೆಗಳು ಅವನೊಂದಿಗೆ ಮಾತು ಬಿಟ್ಟವು.

*

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಬಾಯ್ಲರಿನವನು ಹೊಸ್ತಿಲಲ್ಲಿ ಕಾಣಿಸಿಕೊಂಡ.

"ಬೈಯೋಕೆ ಬಂದೆ ಅತ್ತಿಗೆ," ಎಂದ. "ಏಳು ವರ್ಷದಿಂದ ಇಟ್ಕೊಂಡಿದ್ದೆ."

"ಬೈಯಪ್ಪಾ. ಇವತ್ತು ಎದುರು ಮಾತಾಡಲ್ಲ."

ಅವನು ಒಳಗೆ ಬಂದು ನಿಂತ. ಕೆಸರು ತೆಗೆದ ಬೆರಳುಗಳನ್ನು ನೋಡಿದ. ಟೀಚರ್ ತಮ್ಮ ಕೈಯಲ್ಲಿದ್ದ ಪುಸ್ತಕವನ್ನು ಅವನತ್ತ ಚಾಚಿದರು. "ದಂಡೆ ಮೇಲೆ ಸಿಕ್ತು. ಅವರದ್ದೇ ಬರಹ."

ತಾರೀಖು, ಗಂಟೆ, ಸೊನ್ನೆ. ಪುಟ ತಿರುವಿದರೂ ಅದೇ. ಎಂಟು ವರ್ಷದ ಸೊನ್ನೆಗಳು. ಒಂದು ಕಡೆ 'ಒಂದು' ಎಂದು ಬರೆದು ಹೊಡೆದುಹಾಕಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರ: 'ಇದು ನನ್ನ ತಲೆಯೊಳಗಿನದು. ಲೆಕ್ಕಕ್ಕಿಲ್ಲ.' ಆಮೇಲೆ ಅಂಥವು ಪುಟಕ್ಕೊಂದರಂತೆ ಸಿಕ್ಕವು. ಕೊನೆಯ ತಿಂಗಳಲ್ಲಿ ದಿನಕ್ಕೊಂದು.

ಬಾಯ್ಲರಿನವನು ಕೊನೆಯ ಪುಟದ ಮೇಲೆ ಬೆರಳಿಟ್ಟ.

"ಇವನಿಗೂ ಕೇಳಿಸ್ತಿತ್ತಾ?" ಎಂದ. "ನನಗೊಬ್ಬನಿಗೇ ಅಂದ್ಕೊಂಡಿದ್ದೆ."

ಅವನು ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಬಾಗಿ, ಚಟ್ಟದ ತಲೆಯ ಕಡೆ ಹೆಗಲು ಕೊಟ್ಟ.

*

ಸಂಜೆ ಮಗಳು ಹಳ್ಳಕ್ಕೆ ಹೋದಾಗ ಬಾಯ್ಲರಿನವನು ಆಗಲೇ ದಂಡೆಯಲ್ಲಿ ಕೂತಿದ್ದ. ಪುಸ್ತಕ ಮಡಿಲಲ್ಲಿತ್ತು, ಇಂದಿನ ತಾರೀಖು ಬರೆದಾಗಿತ್ತು.

"ಬಾಮ್ಮಾ, ಕೂತ್ಕೋ," ಎಂದ. "ಬಾಯ್ಲರಿನ ಸದ್ದು ನನ್ನ ಕಿವಿ ತಿಂದುಹಾಕಿದೆ. ಹತ್ತಿರ ಮಾತಾಡಿದ್ರೆ ಸರಿ, ದೂರದ್ದು ಸಿಗಲ್ಲ. ಒಳಗಿಂದು ಮಾತ್ರ ನಿಲ್ಲಲ್ಲ. ಯಾವುದು ನಿಜ ಅಂತ ನೀನೇ ಹೇಳ್ಬೇಕು."

ಅವಳು ಕೂತಳು. ನೀರು ಕಲ್ಲುಗಳ ನಡುವೆ ನುಸುಳುತ್ತಿತ್ತು. ಆಚೆ ದಂಡೆಯ ಜೊಂಡು ಕಪ್ಪಗಾಗುತ್ತಾ ಬಂತು. ಅವಳು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಳು.

ಅವನು ಹಳ್ಳದ ಕಡೆ ನೋಡಲಿಲ್ಲ. ಪೆನ್ನನ್ನು ಹಾಳೆಯಿಂದ ಕೂದಲೆಳೆಯಷ್ಟು ಮೇಲೆ ಹಿಡಿದು, ಕತ್ತಲಲ್ಲಿ ಕಾಣದಂತಾಗುತ್ತಿದ್ದ ಅವಳ ಮುಖವನ್ನೇ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ.