ಹುಡುಗನ ಬಗ್ಗೆ ಒಂದು ಮಾತು

ಸಂಬಂಧ ಗಟ್ಟಿ ಮಾಡುವ ಮುಂಚೆ ಗಂಡಿನ ನೆರೆಮನೆಯಲ್ಲಿ ವಿಚಾರಿಸಿ ಬರುವ ಕೆಲಸ ಹೊಂಬಳದಲ್ಲಿ ಸಾವಿತ್ರೆವ್ವನದು. ನೆರೆಯವರು ಬಾಯಿಬಿಟ್ಟು ಕೆಟ್ಟದ್ದು ಹೇಳುವುದಿಲ್ಲ. ಮದುವೆ ಮುರಿದ ಪಾಪ ಯಾರಿಗೆ ಬೇಕು? ಆದರೆ ಅವರು ಹೇಳದೆ ಬಿಟ್ಟದ್ದನ್ನು ಹಿಡಿಯುವುದರಲ್ಲಿ ಮುದುಕಿಯದು ಎತ್ತಿದ ಕೈ. ಅದರ ಜಂಬವೇನೂ ಕಡಿಮೆ ಇರಲಿಲ್ಲ.

ಈ ಸಲ ಗಂಡಿನ ಊರು ಹರ್ತಿಗೆ ಹೋದದ್ದು ಸ್ವಂತ ಮೊಮ್ಮಗಳು ನೇತ್ರಾಳ ಸಲುವಾಗಿ. ಹುಡುಗ ಸಿದ್ದಲಿಂಗೇಶ ಅವಳ ಮನಸ್ಸಿಗೆ ಬಂದಿದ್ದ. ಅಜ್ಜಿ ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಅದಕ್ಕೇ ನೇತ್ರಾ ಹಟ ಮಾಡಿ ತಾನೂ ಬೆನ್ನು ಹತ್ತಿದ್ದಳು.

ನೆರೆಮನೆಯ ಕೊಟ್ರಪ್ಪ ಪಡಸಾಲೆಯಲ್ಲಿ ಕೂರಿಸಿದ. ಅವನ ಮಗಳು ನೀರು ತಂದಿಟ್ಟು ಒಳಗೆ ಹೋದಳು.

"ಹುಡುಗ ಹ್ಯಾಂಗದಾನಪಾ?" ಅಂದಳು ಸಾವಿತ್ರೆವ್ವ.

"ಅವರ ಎರಿಹೊಲ ನೋಡಬೇಕ್ರಿ ಯವ್ವ. ಎತ್ತುಗಳನ್ನರೆ ಏನ ಛಂದ ಸಾಕ್ಯಾರ್ರಿ. ಅವನ ಅವ್ವಂತೂ ದೇವರಂಥಾಕಿ."

"ಖರೆ. ಹುಡುಗ?"

ಕೊಟ್ರಪ್ಪ ಒಳಬಾಗಿಲ ಕಡೆ ನೋಡಿದ. "ಮನೀನೂ ಭಾಳ ದೊಡ್ಡದೈತ್ರಿ."

ಮುಗಿಯಿತಲ್ಲ! ಎತ್ತಿಗೆ ಸಿಕ್ಕ ಹೊಗಳಿಕೆ ಗಂಡಿಗೆ ಸಿಗಲಿಲ್ಲ. ಸಾವಿತ್ರೆವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ನಡಿ ನೇತ್ರಾ, ಬಸ್ಸಿಗಿ ಹೊತ್ತಾತು." ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಸಂಬಂಧ ಬೇಡವೆಂದು ಅಜ್ಜಿ ಹೇಳುತ್ತಿದ್ದಾಳೆಂಬುದು ನೇತ್ರಾಳಿಗೆ ತಿಳಿಯಿತು.

ಅವಳು ಏಳಲಿಲ್ಲ. "ಕಾಕಾ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮಗಳನ್ನ ಆ ಮನಿಗೆ ಕೊಡತಿದ್ರೇನು?"

ಅಯ್ಯ, ಮದುವೆಯ ಹುಡುಗಿಯೇ ಹೀಗೆ ಕೇಳುವುದೇ? ಸಾವಿತ್ರೆವ್ವ ಅವಳ ರಟ್ಟೆ ಹಿಡಿದು ಜಗ್ಗಿದಳು.

ಕೊಟ್ರಪ್ಪ ತಲೆ ತಗ್ಗಿಸಿದ. "ಕೊಡಾಕ ಹೋಗಿದ್ದೆ ತಂಗಿ, ಹೋದ ವರ್ಷ. ಕೂಡಿ ಬರಲಿಲ್ಲ. ಹುಡುಗ ಬಂಗಾರದಂಥಾವ. ಕೆಟ್ಟಂವ ಅನ್ನಾಕ ಮನಸ್ಸ ಒಪ್ಪಲಿಲ್ಲ, ಛಲೋ ಅನ್ನಾಕ ನಾಲಿಗಿ ಹೊಳ್ಳಲಿಲ್ಲ."

ದಾರಿಯಲ್ಲಿ ಮುದುಕಿ ಕೇಳಿಯೇಬಿಟ್ಟಳು. "ಹ್ಯಾಂಗ ಗೊತ್ತಾತು ನಿನಗ?"

"ಹುಡುಗ ಕೆಟ್ಟಂವ ಇದ್ದಿದ್ರ, ಛಲೋ ಅದಾನ ಅಂದು ಜಲ್ದಿ ಮಾತು ಮುಗಸ್ತಿದ್ರು ಆಯಿ. ಅಷ್ಟೂ ಅನ್ನಾಕ ಆಗಲಿಲ್ಲ ಅವರಿಗೆ. ಯಾಕ ಅಂತ ನೋಡಿದೆ. ಮನ್ಯಾಗ ಮದುವಿಗಿ ಬಂದ ಮಗಳದಾಳಲ್ಲ."

ತಾನು ಹೀಗೆ ಎದ್ದು ಬಂದು ಮುರಿದ ಸಂಬಂಧಗಳು ಎಷ್ಟಿದ್ದವೋ ಎಂದು ಸಾವಿತ್ರೆವ್ವನಿಗೆ ಒಂದು ಗಳಿಗೆ ಚುರುಕ್ಕೆಂದಿತು. ನಲವತ್ತು ವರ್ಷದ ಹೆಸರಿಗೆ ನಾಚಿಕೆಯಾಗಬೇಕಿತ್ತು. ಎಲ್ಲಿಯ ನಾಚಿಕೆ, ಎದೆ ಉಬ್ಬಿಹೋಗಿತ್ತು. ಬಸ್ಸಿನಲ್ಲಿ ಪಕ್ಕ ಕುಳಿತ ಗುರುತಿಲ್ಲದ ಹೆಂಗಸಿಗೆ, ಕೇಳದಿದ್ದರೂ, ತಾನಾಗಿ ಹೇಳಿದಳು:

"ನನ್ನ ಮೊಮ್ಮಗಳ್ರಿ ಈಕಿ. ಇವತ್ತ ನನ್ನ ಸೋಲಿಸ್ಯಾಳ."