ಬೀಗದೊಳಗಿನ ಮದುವೆಗಳು

ಟ್ರಿಪೋಲಿಯ ಹೆಂಗಸರು ಇಂತಿಸಾರಳ ಕ್ಯಾಮೆರಾದ ಮುಂದೆ ತಲೆವಸ್ತ್ರ ಕಳಚಿ, ಕೂದಲು ಬಿಚ್ಚಿ ಕುಣಿಯುತ್ತಿದ್ದರು. ಅವಳ ಕೈಚಳಕವನ್ನು ಮೆಚ್ಚಿ ಹಾಗೆ ಕುಣಿಯುತ್ತಿದ್ದರು ಅನ್ನುವಂತಿಲ್ಲ. ಅವಳು ತೆಗೆದದ್ದು ಯಾವ ಗಂಡಸಿನ ಕಣ್ಣಿಗೂ ಬೀಳುವುದಿಲ್ಲ ಅನ್ನುವ ನಂಬಿಕೆ ಊರಲ್ಲಿ ಬೇರೂರಿತ್ತು. ಮದುವೆ ಹಾಲ್‌ನ ಬಾಗಿಲಲ್ಲಿ ಬಂದವರ ಫೋನುಗಳನ್ನೆಲ್ಲ ಚೀಲಕ್ಕೆ ಹಾಕಿಸಿಕೊಂಡು ಕೂರುವ ಮುದುಕಿಯರು ಕೂಡ ಇವಳ ಚೀಲವನ್ನು ಮಾತ್ರ ತಡವುತ್ತಿರಲಿಲ್ಲ.

ಆ ನಂಬಿಕೆಯನ್ನು ಉಳಿಸಿಕೊಳ್ಳಲೆಂದೇ ಅವಳು ಮನೆಯ ಒಳಕೋಣೆಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದಳು. ನಾಲ್ಕು ದೊಡ್ಡ ಡಿಸ್ಕುಗಳ ಆ ಪೆಟ್ಟಿಗೆಯಲ್ಲಿ ಅವಳು ತೆಗೆದ ಅಷ್ಟೂ ಮದುವೆಗಳಿದ್ದವು. ಅದನ್ನು ಕಟ್ಟಿಕೊಟ್ಟವನು ಅವಳ ಅಣ್ಣ ಮಿಲಾದ್. ರಶೀದ್ ಬೀದಿಯಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಕಟ್ಟುವ ದಿನವೇ ಅವಳು ಹಟ ಹಿಡಿದಿದ್ದಳು.

"ಒಳಗಿರೋದು ನಿಂಗೂ ಕಾಣಬಾರ್ದು, ಮಿಲಾದ್. ನೀನೂ ಗಂಡಸೇ ತಾನೆ?"

"ಅಯ್ಯೋ, ಇಂಥಾ ತಂಗೀನ ಕೊಟ್ಟ ದೇವರು ದೊಡ್ಡೋನು," ಎಂದು ಅವನು ನಕ್ಕಿದ್ದ. "ಬೀಗ ಹಾಕಿಕೊಡ್ತೀನಿ ಬಿಡು. ಕೀಲಿ ಒಂದು ಫೈಲು. ಇಳಿಸಿಕೊಂಡು ಎಲ್ಲಾದ್ರೂ ಭದ್ರವಾಗಿಡು. ನಾನು ಆ ಕಡೆ ತಿರುಗಿ ಕೂತಿರ್ತೀನಿ." ಹೇಳಿದಂತೆಯೇ ಗೋಡೆಗೆ ಮುಖ ಮಾಡಿ ಕೂತು ಕಡಲೆಬೀಜ ತೇಲಿಸಿದ ಚಹಾ ಕುಡಿದಿದ್ದ. ಬೇರೆ ಯಾರ ಪೆಟ್ಟಿಗೆಯಾಗಿದ್ದರೂ ಕೀಲಿಯ ಒಂದು ಪ್ರತಿಯನ್ನು ತನ್ನ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಿದ್ದವನು, ತಂಗಿಯ ಮಾತಿಗೆ ಬೆಲೆ ಕೊಟ್ಟು ಇದರದ್ದನ್ನು ಇಟ್ಟುಕೊಳ್ಳಲಿಲ್ಲ. ಇಂತಿಸಾರಳಿಗೆ ಗೊತ್ತಿದ್ದ ಅತ್ಯಂತ ಭದ್ರವಾದ ಜಾಗ ಆ ಪೆಟ್ಟಿಗೆಯೇ. ಕೀಲಿಯನ್ನು ಅದರೊಳಗೇ ಇಟ್ಟಳು.

ವರ್ಷಗಟ್ಟಲೆ ಏನೂ ಆಗಲಿಲ್ಲ. ಪೆಟ್ಟಿಗೆಯೊಳಗೆ ಬೆರಳುದ್ದದ ಇನ್ನೊಂದು ಪುಟ್ಟ ಡಿಸ್ಕು ಇತ್ತು. ಪೆಟ್ಟಿಗೆ ಎದ್ದು ಕೂರುವುದು ಅದರ ಬಲದಿಂದ. ಬೀಗ ತೆಗೆಯುವ ಕೀಲಿಯನ್ನು ನೆನಪಿಟ್ಟುಕೊಂಡು ಪ್ರತಿ ಸಲವೂ ತಾನೇ ತೆಗೆದುಕೊಡುತ್ತಿದ್ದದ್ದೂ ಅದೇ. ಹಾಗಾಗಿ ಕೀಲಿ ಎಂಬುದೊಂದಿದೆ ಅನ್ನುವುದನ್ನೇ ಇಂತಿಸಾರ್ ಮರೆತಿದ್ದಳು.

ಮೆಕ್ಕಾ ಯಾತ್ರೆ ಮುಗಿಸಿ ಹಾಜ್ಜಾ ಎನಿಸಿಕೊಂಡಿದ್ದ ವನೀಸಾ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಬಿಳಿಯ ಫರಾಶಿಯಾ ಹೊದಿಕೆಯನ್ನು ಮೈತುಂಬ ಸುತ್ತಿಕೊಂಡು, ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮೆಟ್ಟಿಲು ಹತ್ತಿದ ಸುಸ್ತಿಗೆ ಬಾಗಿಲಲ್ಲೇ ಕೂತುಬಿಟ್ಟಳು. ಅವಳ ಮಗಳು ಸುಂದುಸಳ ಮದುವೆಯನ್ನು ಇಂತಿಸಾರಳೇ ತೆಗೆದಿದ್ದಳು. ಆ ಹುಡುಗಿ ಮೂತ್ರಪಿಂಡದ ಕಾಯಿಲೆಯಾಗಿ, ಗಡಿಯಾಚೆಯ ಸ್ಫಾಕ್ಸ್‌ನ ಆಸ್ಪತ್ರೆಗೆ ಹೋದವಳು ಹೆಣವಾಗಿ ಮರಳಿದ್ದಳು. ತಾಯಿಯ ಬಳಿ ಇದ್ದ ಮದುವೆಯ ಪ್ರತಿ ಅದಕ್ಕೂ ಮೊದಲೇ, ಊರಂಚಿನ ಕಾಳಗದಲ್ಲಿ ಮನೆಯೊಂದಿಗೆ ಸುಟ್ಟುಹೋಗಿತ್ತು. ಅಳಿಯ ಬೇರೆ ಮದುವೆಯಾಗಿದ್ದ. ಅವನ ಬಳಿ ಇದ್ದ ಪ್ರತಿಯನ್ನು ಹೊಸ ಹೆಂಡತಿ ಉಳಿಸಿರಲಿಲ್ಲ.

"ಅವಳು ಕುಣಿದದ್ದು ನೋಡ್ಬೇಕು ಕಣೇ ಮಗಳೇ," ಎಂದಳು ಹಾಜ್ಜಾ. "ಆಸ್ಪತ್ರೇಲಿ ಊದಿಕೊಂಡಿದ್ದ ಆ ಮುಖ ನನ್ನ ಕಣ್ಣಲ್ಲಿ ನಿಂತುಬಿಟ್ಟಿದೆ. ಅದನ್ನ ಅಳಿಸ್ಕೋಬೇಕು. ಮೊದಲಿನ ಮುಖ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ."

"ನನ್ನ ಹತ್ರ ಎಲ್ಲಾ ಇದೆ ಹಾಜ್ಜಾ. ಗುರುವಾರ ಬನ್ನಿ, ಇಲ್ಲೇ ಕೂತು ನೋಡೋಣ," ಎಂದಳು ಇಂತಿಸಾರ್. ಆ ಮಾತು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಮುದುಕಿ ಅವಳ ಎರಡೂ ಕೈ ಹಿಡಿದು ಮುತ್ತಿಟ್ಟಳು.

ಹಾಜ್ಜಾ ಹೋದ ಮೇಲೆ ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಪುಟ ತೆರೆದಳು. ತೆರೆಯಲು ಒದ್ದಾಡಿತು. ಮೂಲೆಯಲ್ಲಿ ಕೆಂಪು ಗುರುತು. ಬೂಟ್ ಡ್ರೈವ್, ಅಂದರೆ ಆ ಪುಟ್ಟ ಡಿಸ್ಕು, ಕೆಡುತ್ತಿದೆ, ಬದಲಿಸಿ ಎಂಬ ಎಚ್ಚರಿಕೆಗಳು ಒಂದರ ಕೆಳಗೊಂದು ಸಾಲುಗಟ್ಟಿದ್ದವು. ಆದರೂ ಮದುವೆಗಳ ಪಟ್ಟಿ ಕಂಡಿತು, ಸುಂದುಸಳ ಹೆಸರೂ ಕಂಡಿತು. ಅವಳು ಅಣ್ಣನಿಗೆ ಫೋನ್ ಮಾಡಿದಳು.

"ಏನನ್ನೂ ಮುಟ್ಬೇಡ," ಎಂದ ಮಿಲಾದ್. "ಈಗ ಅದು ಸಾಯೋ ಕತ್ತೆ ಇದ್ದ ಹಾಗೆ. ಹೊರೆ ಹೇರಿದ್ಯೋ, ಮಲಗಿಬಿಡತ್ತೆ. ಅಂಗಡೀಲಿ ಹೊಸ ಡ್ರೈವ್ ಇದೆ, ತರ್ತೀನಿ. ಬಂದು ಮೊದಲು ಕೀಲಿ, ಸೆಟ್ಟಿಂಗು ಎಲ್ಲಾ ಈಚೆ ತೆಗೆದು, ಆಮೇಲೆ ಬದಲಾಯಿಸ್ತೀನಿ. ಅರ್ಧ ಗಂಟೆ ಕೆಲಸ."

ಅವಳು ಮುಟ್ಟಲಿಲ್ಲ. ಸುಂದುಸಳ ಮದುವೆಯೊಂದನ್ನಾದರೂ ಆಗಲೇ ಕಂಪ್ಯೂಟರಿಗೆ ಎಳೆದುಕೊಳ್ಳಬಹುದಿತ್ತು. ಆ ಯೋಚನೆ ಬಂದೂ ಇತ್ತು. ಬೆರಳು ಮೌಸಿನ ಮೇಲಿತ್ತು. ಆದರೆ ತಿಳಿದವನು ಬೇಡ ಅಂದಿದ್ದಾನೆ ಎಂದುಕೊಂಡು ಎದ್ದುಹೋಗಿ ಮಧ್ಯಾಹ್ನದ ಅಡುಗೆಗೆ ಈರುಳ್ಳಿ ಹೆಚ್ಚುತ್ತ ಕೂತಳು.

ಕರೆಂಟು ಹೋಯಿತು. ಅದೇನು ಹೊಸದಲ್ಲ, ದಿನಾ ಹೋಗುವಂಥದ್ದೇ. ಯುಪಿಎಸ್ ಕುಂಯ್‌ಗುಟ್ಟಿತು. ಬೇಸಿಗೆಯಿಡೀ ದುಡಿದ ಅದರ ಬ್ಯಾಟರಿ ಹೆಚ್ಚು ಹೊತ್ತು ತಡೆಯಲಿಲ್ಲ. ಮಿಲಾದ್ ಆಗ ರಸ್ತೆಯ ಗದ್ದಲದಲ್ಲಿ ಸಿಕ್ಕಿಕೊಂಡಿದ್ದ. ಅವನು ಬಂದು, ಕರೆಂಟೂ ಬಂದು, ಪೆಟ್ಟಿಗೆಯ ಗುಂಡಿ ಒತ್ತಿದಾಗ ನಾಲ್ಕು ಡಿಸ್ಕುಗಳು ಎಂದಿನಂತೆ ಗುನುಗಿದವು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಆ ಪುಟ್ಟ ಡಿಸ್ಕು ತಾನಿದ್ದೇನೆ ಎಂದೂ ಹೇಳಲಿಲ್ಲ.

"ಹೆದರ್ಕೋಬೇಡ," ಎಂದ ಅಣ್ಣ. "ಇದು ಸತ್ರೂ ದೊಡ್ಡ ಡಿಸ್ಕುಗಳಿಗೆ ಏನೂ ಆಗಿರಲ್ಲ. ಹೊಸದಕ್ಕೆ ಎಲ್ಲಾ ಹಾಕಿ ಎಬ್ಬಿಸ್ತೀನಿ."

ಅವನ ಮಾತು ಸುಳ್ಳಾಗಲಿಲ್ಲ. ಹೊಸ ಡ್ರೈವ್ ಕೂರಿಸಿ ಎಬ್ಬಿಸಿದ. ನಾಲ್ಕೂ ಡಿಸ್ಕುಗಳು ಹಸಿರು ಗುರುತಿನೊಂದಿಗೆ ಬಂದು ನಿಂತವು. ಒಂದು ಗೀರೂ ಬಿದ್ದಿರಲಿಲ್ಲ. ಪಕ್ಕದಲ್ಲಿ ಪುಟ್ಟದೊಂದು ಬೀಗದ ಚಿತ್ರ, ಅದರ ಕೆಳಗೆ ಕೀಲಿ ಕೊಡಿ ಎಂಬ ಸಾಲು.

"ಕೊಡು," ಎಂದು ಮಿಲಾದ್ ಹಿಂದಿನಂತೆಯೇ ಗೋಡೆಯ ಕಡೆ ತಿರುಗಿ ಕೂತ. ಸ್ವಲ್ಪ ಹೊತ್ತಿಗೆ ಅವನೇ ಕತ್ತು ಹೊರಳಿಸಿ ಕೇಳಿದ.

"ಎಲ್ಲಿಟ್ಟಿದೀಯಾ?"

"ಅದರೊಳಗೆ."

"ಯಾವುದರೊಳಗೆ?"

"ಪೆಟ್ಟಿಗೆಯೊಳಗೆ, ಮಿಲಾದ್. ಅದೇ ಭದ್ರ ಅಂತ..."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಬೈಯಲಿಲ್ಲ. ಮುಖವನ್ನು ಎರಡೂ ಕೈಯಲ್ಲಿ ಒರೆಸಿಕೊಂಡು, "ಲಾ ಇಲಾಹ ಇಲ್ಲಲ್ಲಾಹ್," ಎಂದಷ್ಟೇ ಅಂದ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು ಅವಳಿಗೆ.

ಗುರುವಾರ ಬರಬೇಡಿ ಎಂದು ಹಾಜ್ಜಾ ವನೀಸಾಳಿಗೆ ಹೇಳಿಕಳಿಸಿದರು. ಮಿಲಾದ್ ಸತ್ತ ಡಿಸ್ಕನ್ನು ಅಂಗಡಿಗೆ ಒಯ್ದು ತನಗೆ ತಿಳಿದದ್ದನ್ನೆಲ್ಲ ಮಾಡಿದ. ಬೇರೆ ಬೇರೆ ಯಂತ್ರಕ್ಕೆ ಚುಚ್ಚಿದ, ಅಂಥದ್ದೇ ಇನ್ನೊಂದನ್ನು ಬಿಚ್ಚಿ ಅದರ ಅಂಗ ಇದಕ್ಕೆ ಬೆಸೆದ. ಆಗದೆ, ಟ್ಯೂನಿಸ್‌ಗೆ ಹೊರಟ ಪರಿಚಯದ ಡ್ರೈವರನ ಕೈಗೆ ಹತ್ತಿಯಲ್ಲಿ ಸುತ್ತಿ ಕೊಟ್ಟ. ಅಲ್ಲಿ ಇಂಥದ್ದನ್ನು ಓದಿಕೊಡುವವರಿದ್ದಾರೆ ಎಂದು ಯಾರೋ ಹೇಳಿದ್ದರು. ಹಬ್ಬಕ್ಕೆ ಮುಂಚೆ ಹೋದದ್ದು ಹಬ್ಬ ಕಳೆದ ಮೇಲೆ ಅದೇ ಹತ್ತಿಯಲ್ಲಿ ವಾಪಸು ಬಂತು. ಒಳಗಿನದು ಅಳಿಸಿಹೋಗಿದೆ, ಎಲ್ಲಿಗೆ ಕಳಿಸಿದರೂ ಇಷ್ಟೇ ಎಂದಿದ್ದರಂತೆ.

ಈ ನಡುವೆ ಸುದ್ದಿ ಹೆಂಗಸರ ಬಾಯಿಗೆ ಬಿದ್ದಿತ್ತು. ಫೋನುಗಳು ಬಂದವು. ಯಾರೂ ಬೈಯಲಿಲ್ಲ. ಬಹಳ ಮಂದಿಗೆ ಸಮಾಧಾನವೇ ಆಗಿತ್ತು. "ಒಳ್ಳೇದೇ ಆಯ್ತು ಬಿಡೇ," ಎಂದು ನಕ್ಕಳು ಒಬ್ಬಳು. "ಆ ಮನೆಹಾಳನಿಗೆ ತಲಾಕ್ ತಗೊಂಡು ಬಂದು ಎರಡು ವರ್ಷ ಆಯ್ತು. ಅವನ ಪಕ್ಕ ಹಲ್ಲು ಕಿರಿದು ನಿಂತಿದ್ದು ಹೋಗಿದ್ರೆ ನಿಂಗೆ ಪುಣ್ಯ." ಇಂತಿಸಾರಳೂ ನಕ್ಕಳು.

ಹಾಜ್ಜಾ ವನೀಸಾಳಿಗೆ ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಮನೆಗೆ ಹೋಗೋಣ ಎಂದುಕೊಳ್ಳುವಷ್ಟರಲ್ಲಿ ಅವಳೇ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಈ ಸಲ ಬಾಗಿಲಲ್ಲಿ ಕೂರದೆ ನೇರವಾಗಿ ಒಳಗೆ ಬಂದು ಚಾಪೆಯ ಮೇಲೆ ಕೂತಳು.

"ಇದೆಯೋ ಇಲ್ವೋ, ಅಷ್ಟು ಹೇಳು."

"ಇದೆ ಹಾಜ್ಜಾ. ತೆಗೆಯೋಕಾಗ್ತಿಲ್ಲ. ಬೀಗ ಬಿದ್ದಿದೆ, ಕೀಲಿ ಹೋಯ್ತು."

"ಬೀಗ ಅಂದ್ರೆ ಒಡೆದ್ರಾಯ್ತು. ನಮ್ಮ ಬೀದಿ ಕಮ್ಮಾರ ಒಡೀದೇ ಇರೋ ಬೀಗ ಇಲ್ಲ."

"ಒಡೆಯೋಕಾಗದ ಹಾಗೇ ಮಾಡಿರೋದು ಹಾಜ್ಜಾ, ಇದನ್ನ."

"ಯಾಕೆ ಹಾಗೆ ಮಾಡಿಸ್ದೆ?"

ಇಂತಿಸಾರ್ ತಲೆ ತಗ್ಗಿಸಿದಳು. ಉತ್ತರ ಹಾಜ್ಜಾಳಿಗೇ ಹೊಳೆಯಿತು. "ನಾನೇ ಹೇಳಿದ್ದೆ, ಅಲ್ವಾ," ಎಂದಳು ಮೆಲ್ಲಗೆ. "ಆ ದಿನ ಹಾಲ್ ಬಾಗಿಲಲ್ಲಿ ನಿನ್ನ ಕೈ ಹಿಡ್ಕೊಂಡು, ನನ್ನ ಮಗಳ ಕೂದಲು ಪರಗಂಡಸಿಗೆ ಕಾಣ್ಬಾರ್ದು ಅಂತ."

ಹಾಜ್ಜಾ ಫರಾಶಿಯಾದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಇದ್ದವಳು ಥಟ್ಟನೆ ಮುಖವೆತ್ತಿದಳು.

"ಹೋಗ್ಲಿ, ನೀನು ನೋಡಿದೀಯಲ್ಲ! ಅವಳು ಕುಣಿಯೋವಾಗ ನಾನು ಊಟದ ಕಡೆ ಓಡಾಡ್ತಿದ್ದೆ, ಸರಿಯಾಗಿ ನೋಡ್ಲೇ ಇಲ್ಲ. ನೀನು ಎದುರೇ ನಿಂತಿದ್ದೆ. ಹೇಳು, ಹೇಗೆ ಕುಣಿದ್ಲು?"

ಇಂತಿಸಾರ್ ಕಣ್ಣು ಮುಚ್ಚಿ ಹುಡುಕಿದಳು. ನೂರಾರು ಮದುವೆ ಹಾಲ್‌ಗಳು, ನೂರಾರು ಸಿಂಹಾಸನದಂಥ ಕುರ್ಚಿಗಳು, ಮೊಣಕೈವರೆಗೆ ಬಂಗಾರ ತೊಟ್ಟ ಕೈಗಳು. ಬೆಳಕು ಸರಿಯಿದೆಯೇ, ಬ್ಯಾಟರಿ ಉಳಿದಿದೆಯೇ ಎಂದು ನೋಡುತ್ತಿದ್ದ ಕಣ್ಣಿಗೆ ಯಾವ ಹುಡುಗಿಯೂ ಸಿಕ್ಕಿರಲಿಲ್ಲ. ಪೆಟ್ಟಿಗೆಯಲ್ಲಿದೆ ಎಂಬ ನೆಚ್ಚಿಕೆಯಲ್ಲಿ ಅವಳು ಒಬ್ಬಳನ್ನೂ ನೆನಪಿಟ್ಟುಕೊಂಡಿರಲಿಲ್ಲ. ಆದರೆ ಎದುರಿನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ.

"ಚೆಂದ ಕುಣಿದ್ಲು ಹಾಜ್ಜಾ. ಮೊದಲು ನಾಚಿಕೊಂಡ್ಲು. ಆಮೇಲೆ ಗೆಳತೀರು ಎಳೆದು ನಡುವೆ ನಿಲ್ಲಿಸಿದ್ರು. ಕೂದಲು ಬಿಚ್ಚಿ ಆ ಕಡೆ ಈ ಕಡೆ ಬೀಸಿದ್ಲು..."

ಹಾಜ್ಜಾಳ ಮುಖ ಅರಳುತ್ತಿತ್ತು. "ಹೂಂ, ಹೂಂ."

"ಸೊಂಟದವರೆಗೆ ಕೂದಲು. ಹೆಂಗಸರೆಲ್ಲ ಸುತ್ತ ನಿಂತು ಕೇಕೆ ಹಾಕಿದ್ರು..."

ಅರಳುತ್ತಿದ್ದ ಮುಖ ಅಲ್ಲಿಗೇ ನಿಂತಿತು. ಹಾಜ್ಜಾ ಕೈಚಾಚಿ ಇಂತಿಸಾರಳ ಮೊಣಕಾಲ ಮೇಲೆ ಇಟ್ಟಳು.

"ಸಾಕು ಮಗಳೇ," ಎಂದಳು. "ಸುಂದುಸ್ ಕೂದಲು ಗಿಡ್ಡ. ಮದುವೆಗೆ ಮುಂಚೆ ಹಟ ಮಾಡಿ ಕತ್ತರಿಸ್ಕೊಂಡಿದ್ಲು, ನಾನು ಎರಡು ದಿನ ಮಾತು ಬಿಟ್ಟಿದ್ದೆ. ನೀ ಹೇಳ್ತಿರೋಳು ಬೇರೆ ಯಾರ ಮಗಳೋ."

ಇಂತಿಸಾರ್ ಅತ್ತಳು. ಹಾಜ್ಜಾ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಚಹಾ ಬೇಡ ಎಂದಳು. ಗೋಡೆ ಹಿಡಿದು ಎದ್ದು ಮೆಟ್ಟಿಲಿಳಿಯುವಾಗ, ಕೈಯಾಸರೆ ಕೊಡಲು ಬಂದ ಇಂತಿಸಾರಳನ್ನು ತಡೆದು, "ನೀನು ಒಳಗೆ ಹೋಗು," ಎಂದಳು. ಮತ್ತೆ ಅವಳು ಆ ಮನೆಗೆ ಬರಲಿಲ್ಲ.

ಮದುವೆಯ ಕಾಲ ಹತ್ತಿರ ಬಂತು. ಹೊಸದಾಗಿ ತೆಗೆದದ್ದನ್ನು ಇಡಲು ಜಾಗ ಬೇಕಿತ್ತು. ಅಷ್ಟು ದೊಡ್ಡ ಡಿಸ್ಕುಗಳು ಆಗ ಊರಲ್ಲಿ ಎಲ್ಲೂ ಸಿಗುತ್ತಿರಲಿಲ್ಲ, ಬಂದರಿಗೆ ಸರಕೇ ಬಂದಿರಲಿಲ್ಲ. ಮಿಲಾದ್ ಹೇಳಲೋ ಬೇಡವೋ ಎಂದು ಎರಡು ದಿನ ಸುತ್ತಾಡಿ ಕೊನೆಗೆ ಬಂದು ಪೆಟ್ಟಿಗೆಯ ಮುಂದೆ ಕೂತ.

"ಇವನ್ನೇ ಅಳಿಸಿ ಬಳಸಬಹುದು. ಡಿಸ್ಕುಗಳು ಇನ್ನೂ ಗಟ್ಟಿಯಾಗಿವೆ. ಏನೂ ಆಗಿಲ್ಲ ಅವಕ್ಕೆ."

"ಮುಂದೊಂದು ದಿನ ಯಾರಾದ್ರೂ ತೆಗೆಯೋದು ಕಂಡುಹಿಡಿದ್ರೆ?"

"ನಮ್ಮ ಕಾಲಕ್ಕಿಲ್ಲ, ಇಂತಿಸಾರ್. ನಿಂಗೆ ಸುಳ್ಳು ಹೇಳಲ್ಲ ನಾನು." ಅವನು ಕೀಬೋರ್ಡ್ ತನ್ನ ಕಡೆ ಎಳೆದುಕೊಂಡ. "ನೀನು ಅಡುಗೆಮನೇಗೆ ಹೋಗು. ನಾನು ಒತ್ತಿಬಿಡ್ತೀನಿ."

"ಬೇಡ," ಎಂದಳು ಅವಳು. "ಗಂಡಸರು ಮುಟ್ಟಬಾರ್ದು."

ಅಣ್ಣ ಎದ್ದು ಜಾಗ ಬಿಟ್ಟ. ಅಳಿಸಿದರೆ ಮರಳಿ ಬರುವುದಿಲ್ಲ, ಒಪ್ಪಿಗೆಯೇ ಎಂದು ಪೆಟ್ಟಿಗೆ ಕೇಳಿತು. ಒಪ್ಪಿದಳು. ನಿಜವಾಗಿಯೂ ಒಪ್ಪಿಗೆಯೇ ಎಂದು ಮತ್ತೊಮ್ಮೆ ಕೇಳಿತು. ಮತ್ತೊಮ್ಮೆ ಒಪ್ಪಿದಳು. ಬಹಳ ಹೊತ್ತು ಹಿಡಿಯುತ್ತದೆ, ನೋಡುತ್ತ ಕೂರಬೇಕಾಗುತ್ತದೆ ಎಂದುಕೊಂಡಿದ್ದಳು. ಉಸಿರು ತೆಗೆದು ಬಿಡುವುದರೊಳಗೆ ಮುಗಿಯಿತು. ಪರದೆಯ ಮೇಲೆ ಎಲ್ಲವೂ ಖಾಲಿ ಎಂದು ಬಂತು, ನಾಲ್ಕೂ ಡಿಸ್ಕುಗಳ ಪಕ್ಕದಲ್ಲಿ ಹಸಿರು ಗುರುತು.

"ಹೊಸ ಕೀಲಿ ಕೊಡುತ್ತೆ ಈಗ," ಎಂದ ಮಿಲಾದ್. "ಈ ಸಲ ಬೀಗ ಬೇಕಾ?"

ಗುರುವಾರ ಸೂಕ್ ಅಲ್ ಜುಮಾ ಬಡಾವಣೆಯಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದಳು. ಮದುಮಗಳ ತಾಯಿ ಆಗಲೇ ಎರಡು ಸಲ ಫೋನ್ ಮಾಡಿ, ಯಾರ ಕಣ್ಣಿಗೂ ಬೀಳುವುದಿಲ್ಲ ತಾನೆ ಎಂದು ಕೇಳಿದ್ದಳು.

"ಬೇಕು," ಎಂದಳು ಇಂತಿಸಾರ್. ಹೇಳಿ, ಕ್ಯಾಮೆರಾದ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಲು ಎದ್ದಳು.