ಬಚ್ಚಲಲ್ಲಿ ಚೈನು, ಅಡುಗೆಮನೆಯಲ್ಲಿ ಲೈಟರು

ಬೆಳಿಗ್ಗೆ ಏಳೂಕಾಲು. ಪಾರ್ಸಲ್ ಹಂಚುವವನು ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಬೈಕಿನ ಚೈನನ್ನು ಪೆಟ್ರೋಲ್ ಸುರಿದ ಟಬ್ಬಿನಲ್ಲಿ ಮುಳುಗಿಸಿ ಉಜ್ಜುತ್ತಿದ್ದ.

ಅಂಗಳದಲ್ಲಿ ಉಜ್ಜುವ ಹಾಗಿರಲಿಲ್ಲ. ಹೋದ ಸಲ ಕಲ್ಲುಹಾಸಿನ ಮೇಲೆ ಬಿದ್ದ ಕರಿ ಕಲೆ ನೋಡಿ ಮನೆ ಒಡತಿ, "ಇನ್ನೊಂದು ಹನಿ ಬಿದ್ರೆ ಬೈಕೂ ಹೊರಗೆ, ನೀನೂ ಹೊರಗೆ" ಅಂದಿದ್ದಳು. ವಾಸನೆ ಬಂದರೆ ಹೆಂಡತಿ ರೇಗುತ್ತಾಳೆಂದು ಬಾಗಿಲನ್ನೂ ಕಿಟಕಿಯನ್ನೂ ಭದ್ರವಾಗಿ ಮುಚ್ಚಿದ್ದ. ಚೈನಿನ ಜಿಡ್ಡೋ, ಗ್ರೀಸೂ ಧೂಳೂ ಬೆರೆತು ಟಾರಿನಂತೆ ಹಟ ಹಿಡಿದು ಕೂತಿತ್ತು. ಒಂಬತ್ತಕ್ಕೆ ಡ್ಯೂಟಿ. ತಲೆ ಸ್ವಲ್ಪ ತಿರುಗುತ್ತಿತ್ತು. ನಿದ್ದೆ ಸಾಲದ್ದಕ್ಕೆ ಇರಬೇಕು ಅಂದುಕೊಂಡ.

ಅಷ್ಟರಲ್ಲಿ ಹೊರಗಿಂದ ಒಂದು ಕೂಗು. "ಅಕ್ಕಾ! ಗೇಟಿನವರೆಗೂ ಪೆಟ್ರೋಲ್ ವಾಸನೆ! ಒಲೆ ಹಚ್ಚಬೇಡ! ಲೈಟರ್ ಅಲ್ಲೇ ಇಟ್ಟು ಹೊರಗೆ ಬಾ!"

"ಬಂದ್ಲು ಫೈರ್ ಇಂಜಿನ್," ಎಂದು ಗೊಣಗಿದ. ನಾದಿನಿ ಅಗ್ನಿಶಾಮಕ ಠಾಣೆಯಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಅವನು ಅವಳಿಗಿಟ್ಟ ಹೆಸರು ಅದು.

"ಭಾವ, ಬಾಗಿಲು ತೆಗೀರಿ! ಲೈಟ್ ಆರಿಸ್ಬೇಡಿ, ಸ್ವಿಚ್ ಮುಟ್ಟಲೇಬೇಡಿ!"

"ಸುಮ್ನೆ ಉರೀಲಿ ಅಂತೀಯಾ? ಕರೆಂಟ್ ಬಿಲ್ ನೀನು ಕಟ್ತೀಯಾ?"

"ಕಟ್ತೀನಿ, ಮೊದಲು ಹೊರಗೆ ಬನ್ನಿ!"

ಎದ್ದು ನಿಂತರೆ ಕಾಲು ಅವನ ಮಾತು ಕೇಳಲಿಲ್ಲ. ಗೋಡೆ ಹಿಡಿದು ಅಂಗಳಕ್ಕೆ ಬಂದ. ನಾದಿನಿ ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು ಹೊರಗೆ ಬಂದಳು.

"ಏನಾಯ್ತೀಗ? ಎಷ್ಟೋ ವರ್ಷದಿಂದ ಹೀಗೇ ತೊಳೀತಿದೀನಿ. ಸಿಗರೇಟಂತೂ ಸೇದಲ್ಲ. ಒಲೆ ಇರೋದು ಅಡುಗೆಮನೇಲಿ, ಪೆಟ್ರೋಲ್ ಇರೋದು ಬಚ್ಚಲಲ್ಲಿ. ಮಧ್ಯೆ ಎರಡು ಬಾಗಿಲು!"

"ಪೆಟ್ರೋಲ್ ಟಬ್ಬಲ್ಲಿ ಇರುತ್ತೆ ಭಾವ, ಅದರ ಆವಿ ಅಲ್ಲೇ ಇರಲ್ಲ. ಅದು ಗಾಳಿಗಿಂತ ಭಾರ. ನೆಲ ಹಿಡ್ಕೊಂಡು ಬಾಗಿಲ ಸಂದೀಲಿ ನುಸುಳಿ ಹೋಗುತ್ತೆ. ಎಲ್ಲಿ ಕಿಡಿ ಸಿಕ್ತೋ ಅಲ್ಲಿಂದ ಬೆಂಕಿ ನಿಮ್ಮ ಟಬ್ಬಿಗೇ ವಾಪಸ್ ಬರುತ್ತೆ. ಸ್ವಿಚ್ಚಿನ ಕಿಡಿನೂ ಸಾಕು. ನಿಮಗೆ ತಲೆ ತಿರುಗಿದ್ದೂ ಆ ಆವಿಯಿಂದಾನೇ."

"ನಿಮ್ಮ ಠಾಣೇಲಿ ಜನರನ್ನ ಹೆದರಿಸೋಕೇ ಸಂಬಳ ಕೊಡ್ತಾರಾ?"

ಹೆಂಡತಿ ನಡುವೆ ಬಂದಳು. "ರೀ, ಇವಳು ಕೂಗೋ ಮುಂಚೆ ನಾನು ಎರಡು ಸಲ ಲೈಟರ್ ಅದುಮಿದ್ದೆ. ಕಿಡಿ ಬರ್ಲಿಲ್ಲ. ಕೆಟ್ಟಿದೆ, ಹೊಸದು ತನ್ನಿ ಅಂತ ತಿಂಗಳಿಂದ ಬಡ್ಕೋತಿದ್ನಲ್ಲ, ಅದೇ ಲೈಟರು."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

"ಇವತ್ತೊಂದು ದಿನ ನಿಮ್ಮ ಸೋಮಾರಿತನಕ್ಕೆ ನಮಸ್ಕಾರ ಹಾಕ್ತೀನಿ ಭಾವ," ಅಂದಳು ನಾದಿನಿ. ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಗದ್ದಲ ಕೇಳಿ ಮನೆ ಒಡತಿ ಮಹಡಿಯಿಂದ ಇಳಿದು ಬಂದಳು. ವಿಷಯ ತಿಳಿದು, ಮನೆಯ ಗೋಡೆಯನ್ನೊಮ್ಮೆ ನೋಡಿ, "ಕಲ್ಲಿಗೆ ಕಲೆಯಾದ್ರೆ ಆಗ್ಲಿ, ಮನೆ ಉಳೀತಲ್ಲ! ಇನ್ಮೇಲೆ ಇಲ್ಲೇ ತೊಳ್ಕೊ. ಕೆಳಗೆ ಮಾತ್ರ ರಟ್ಟು ಹಾಸ್ಕೊ" ಅಂದಳು. ರಟ್ಟಿನ ಜೊತೆಗೆ, ನಾದಿನಿ ಕೇಳಿದಳೆಂದು, ತನ್ನ ಮನೆಯಿಂದ ಒಂದು ಬಕೆಟ್ ಬಿಸಿನೀರನ್ನೂ ತಂದಿಟ್ಟಳು.

ವಾಸನೆ ಹೋದ ಮೇಲೆ ನಾದಿನಿ ಟಬ್ಬನ್ನು ಹೊರಗೆ ತಂದು, ಪೆಟ್ರೋಲನ್ನು ಬಿಗಿ ಮುಚ್ಚಳದ ಲೋಹದ ಕ್ಯಾನಿಗೆ ಸುರಿದಳು. "ಇದನ್ನ ಚರಂಡಿಗೆ ಚೆಲ್ಬೇಡಿ. ಹಳೇ ಎಣ್ಣೆ ತಗೊಳ್ಳೋ ಗ್ಯಾರೇಜಿಗೆ ಕೊಡಿ." ಆಮೇಲೆ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದಳು.

"ಇದು ಚೈನಮ್ಮಾ, ಟೀ ಲೋಟ ಅಲ್ಲ," ಅಂದ ಅವನು.

"ತಳ ಹಿಡಿದ ಪಾತ್ರೆ ನೀವು ಯಾವತ್ತು ತೊಳ್ದಿದೀರಿ?" ಹೆಂಡತಿ ಕೇಳಿದಳು. "ನೆನೆಯೋಕೆ ಬಿಡಿ. ತಾನಾಗೇ ಬಿಡುತ್ತೆ."

ಕಾಲು ಗಂಟೆ ನೆನೆಸಿ, ಕೈಗವಸು ಹಾಕಿಕೊಂಡು ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿದ. ಜಿಡ್ಡು ಪದರ ಪದರವಾಗಿ ಎದ್ದಿತು. ನೀರು ಎರಡು ಸಲ ಬದಲಾಯಿಸಬೇಕಾಯಿತು. ಮೂಲೆಗಳಲ್ಲಿ ಉಳಿದ ಕರಿಗೆ ಬಿಡಿಭಾಗಗಳ ಅಂಗಡಿಯಿಂದ ನೀರಿನಲ್ಲಿ ಕರಗುವ ಚೈನ್ ಕ್ಲೀನರ್ ತಂದು ಹಚ್ಚಿದ. ಚೆನ್ನಾಗಿ ತೊಳೆದು, ಒರೆಸಿ, ಬಿಸಿಲಿಗಿಟ್ಟು ಒಣಗಿಸಿ ಚೈನ್ ಆಯಿಲ್ ಬಿಟ್ಟ. ಕೊಂಡಿಗಳು ಬೆರಳ ತುದಿಯಲ್ಲಿ ಸಲೀಸಾಗಿ ಮಡಚಿಕೊಂಡವು.

"ಹೂಂ, ಪರವಾಗಿಲ್ಲ," ಅಂದ.

"ಅಂದ್ರೆ ಸೋತೆ ಅಂತ ಅರ್ಥ ಕಣೇ," ಅಂದಳು ಹೆಂಡತಿ, ತಂಗಿಯ ಕಡೆ ತಿರುಗಿ.

ಅವತ್ತು ಡ್ಯೂಟಿಗೆ ತಡವಾಯಿತು, ಬೈಸಿಕೊಂಡ. ಆದರೆ ಸಂಜೆ ಬೈಕು ಬಂದು ನಿಂತ ಮನೆಯಲ್ಲಿ ಎಲ್ಲರೂ ಇದ್ದರು.

ಬೈಕ್ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಲೈಟರ್ ಕೆಟ್ಟಿರಲಾರದು. ಬೈಕಿನ ಯಾವ ಭಾಗವನ್ನೂ ಪೆಟ್ರೋಲಿನಲ್ಲಿ ತೊಳೆಯಬೇಡಿ. ತೊಳೆಯುವ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಆಗಲಿ. ಕ್ಲೀನರ್ ಡಬ್ಬಿಯ ಮೇಲೆ ಬೆಂಕಿಯ ಗುರುತು ಇದ್ದರೆ ಅದನ್ನೂ ಮನೆಯೊಳಗೆ ತೆರೆಯಬೇಡಿ. ಒಳಗೆ ಪೆಟ್ರೋಲ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ.

ಮುಂದಿನ ವಾರ ಅವನ ಜೊತೆ ಪಾರ್ಸಲ್ ಹಂಚುವ ಇಬ್ಬರು ಅದೇ ಅಂಗಳದಲ್ಲಿ ತಮ್ಮ ಬೈಕುಗಳ ಚೈನ್ ತೊಳೆದರು. ಇಬ್ಬರೂ ಪೆಟ್ರೋಲ್ ತಂದಿರಲಿಲ್ಲ.